ಬೊಡ್ಡೆಯೊಳಗಿನ ಒಂಬತ್ತು ಮೊಳೆ

“ಶನಿವಾರ ಮಿಷಿನ್ ಬರುತ್ತೆ ಅಮ್ಮ. ಹಿತ್ತಲಿನ ಬೊಡ್ಡೆ ಅವತ್ತಿಗೆ ಖಲಾಸ್.”

ಧೀರಜ್ ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತ ಈ ಮಾತು ಹೇಳಿದಾಗ ಅನಸೂಯಮ್ಮ ಒಲೆಯ ಮುಂದೆ ನಿಂತಿದ್ದರು. ಅವರ ಕೈಯ ಸೌಟು ಬಾಣಲೆಯ ಅಂಚಿಗೆ ಬಡಿಯಿತು.

“ಯಾವ ಮಿಷಿನ್ನೋ?”

“ಬೊಡ್ಡೆ ಅರೆಯೋದು. ಬಾಡಿಗೆಗೆ ಸಿಗುತ್ತೆ. ಒಂದು ಚಕ್ರ, ಅದರ ಸುತ್ತ ಹಲ್ಲು. ಬೊಡ್ಡೆ ಮೇಲೆ ಆಡಿಸ್ತಾ ಹೋದ್ರೆ ಮರ ಎಲ್ಲಾ ಪುಡಿಪುಡಿ.”

“ಆಡಿಸೋರು ಯಾರು?”

“ನಾನೇ. ಇನ್ಯಾರು? ವಿಡಿಯೋ ಎಲ್ಲಾ ನೋಡಿದೀನಿ. ಎರಡು ಗಂಟೆ ಕೆಲಸ.”

“ಶನಿವಾರ ಮನೆಗೆ ಕಬ್ಬಿಣ ತರಬಾರದು ಕಣೋ.”

“ತರ್ತಾ ಇಲ್ಲಮ್ಮ, ಬಾಡಿಗೆ. ಸಂಜೆ ವಾಪಸ್ ಕೊಟ್ಬಿಡ್ತೀನಿ. ಶನಿಮಹಾರಾಜರೂ ತಕರಾರು ಮಾಡಲ್ಲ.”

ಸೊಸೆ ಪ್ರಣತಿ ನಕ್ಕಳು. ಎರಡೂವರೆ ವರ್ಷದ ಅಮೂಲ್ಯ ಏಕೆಂದು ತಿಳಿಯದೆ ತಾನೂ ನಕ್ಕಿತು. ಧೀರಜ್ ಫೋನನ್ನು ತಾಯಿಯ ಮುಖದ ಮುಂದೆ ಹಿಡಿದ. ಹಳದಿ ಟೋಪಿಯ ಒಬ್ಬ ಮನುಷ್ಯ ಯಂತ್ರವನ್ನು ಎಡಕ್ಕೂ ಬಲಕ್ಕೂ ತೂಗುತ್ತಿದ್ದ. ಮರದ ಹೊಟ್ಟು ಕಾರಂಜಿಯ ಹಾಗೆ ಚಿಮ್ಮುತ್ತಿತ್ತು. ನಡುವೆ ಆತ ಯಂತ್ರ ನಿಲ್ಲಿಸಿ ಗಂಭೀರವಾಗಿ ಏನೋ ಹೇಳಿದ.

“ಏನಂತಾನೆ?”

“ಒಳಗೆ ಕಲ್ಲು, ಕಬ್ಬಿಣ ಇದ್ರೆ ಚಕ್ರದ ಹಲ್ಲು ಮುರಿದು ಗುಂಡಿನ ಥರ ಸಿಡಿಯುತ್ತಂತೆ. ಒಬ್ಬನಿಗೆ ಕುತ್ತಿಗೆಗೇ ಹೊಡೀತಂತೆ. ನಮ್ಮದರಲ್ಲಿ ಏನಿದೆ? ಬರೀ ಗೆದ್ದಲು.”

ಅನಸೂಯಮ್ಮ ಒಲೆ ಆರಿಸಿದರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡರು. ಆ ಬೊಡ್ಡೆಯೊಳಗೆ ಏನಿದೆ ಎಂಬುದು ಈ ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೇಣುದ್ದಕ್ಕೆ ಸ್ವಲ್ಪ ಕಡಿಮೆಯಾದ ಒಂಬತ್ತು ಕಬ್ಬಿಣದ ಮೊಳೆಗಳಿದ್ದವು. ಹೊಡೆದವರು ಅವರೇ.

ಜಪಾನಿನ ಸೆಂಡಾಯ್ ಊರಿನ ಅಂಚಿನಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಟ್ಟಿದ ಹಳೆಯ ಬಡಾವಣೆಯಲ್ಲಿ ಆ ಮನೆ ಇತ್ತು. ಹಿತ್ತಲು ಮುಗಿಯುವಲ್ಲಿ ಮಣ್ಣು ಕುಸಿಯದಂತೆ ಕಟ್ಟಿದ ಕಲ್ಲಿನ ಗೋಡೆ. ಗೋಡೆಯ ಕೆಳಗೆ ಚಿಬಾ ಸಾನ್ ಎಂಬ ಮುದುಕಿಯ ಮನೆ; ‘ಸಾನ್’ ಅಲ್ಲಿ ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು. ಗೋಡೆಗೆ ಒಂದೂವರೆ ಮೊಳ ಈಚೆಗೆ ಒಂದು ಕಾಲದಲ್ಲಿ ದೊಡ್ಡ ಕೆಯಾಕಿ ಮರವಿತ್ತು. ಆ ಊರಿನ ಬೀದಿಗಳ ತುಂಬ ನೆರಳು ಕೊಡುವ ಜಾತಿಯದು. ಅಲ್ಲಿ ದೊಡ್ಡ ಭೂಕಂಪವಾದ ವರ್ಷ ಮರ ಒಂದಿಷ್ಟು ವಾಲಿತು, ಗೋಡೆಯಲ್ಲಿ ಬಿರುಕು ಕಂಡಿತು. ಆಗ ಮನೆಯಲ್ಲಿದ್ದವರು ಇನ್ನೊಂದು ಕಂಪ ಬಂದರೆ ಮರ ಚಿಬಾ ಸಾನ್ ಮನೆಯ ಮೇಲೆ ಬೀಳುತ್ತದೆಂದು ಹೆದರಿ ತರಾತುರಿಯಲ್ಲಿ ಕಡಿಸಿದರು. ಬೊಡ್ಡೆ ಉಳಿಯಿತು. ಇಬ್ಬರು ಕೈ ಹಿಡಿದು ಬಳಸಬಹುದಾದಷ್ಟು ದಪ್ಪ.

ವಿಶ್ವವಿದ್ಯಾಲಯದಲ್ಲಿ ಲೋಹಗಳ ಸಂಶೋಧನೆ ಮಾಡುವ ಧೀರಜ್ ಆ ಮನೆಯನ್ನು ಕೊಂಡದ್ದು ಅದಾದ ಮೂರು ವರ್ಷಕ್ಕೆ. ಅದೇ ಶರತ್ಕಾಲದಲ್ಲಿ ಪ್ರಣತಿಗೆ ಚೊಚ್ಚಲ ಬಸಿರು. ಅವಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಅನಸೂಯಮ್ಮ ನಂಜನಗೂಡಿನಿಂದ ಬಂದರು. ಹಿಂದಿನ ವರ್ಷವಷ್ಟೇ ಗಂಡ ಹರಿಹರಯ್ಯ ತೀರಿಕೊಂಡಿದ್ದರು. ಒಂದು ಜೀವ ಹೋದ ಮನೆಗೆ ಇನ್ನೊಂದು ಜೀವ ಬರುತ್ತದೆಂದು ಆಸೆಯಿಂದ ಬಂದವರು ಅವರು. ಏಳನೆಯ ತಿಂಗಳಿನಲ್ಲಿ ಮಗು ಹೊಟ್ಟೆಯಲ್ಲೇ ನಿಂತುಹೋಯಿತು. ಗಂಡು ಮಗು. ನಮ್ಮಲ್ಲಿ ಹಲ್ಲು ಮೂಡದ ಕೂಸನ್ನು ಸುಡುವ ಪದ್ಧತಿಯಿಲ್ಲ, ಮಣ್ಣಿಗೆ ಕೊಡುತ್ತಾರೆ. ಇಲ್ಲಿ ಸುಡಲೇಬೇಕೆಂದರು. ಸುಟ್ಟರು. ಅಂಗೈಯಲ್ಲಿ ಹಿಡಿಸುವಷ್ಟು ಡಬ್ಬಿಯನ್ನು ಧೀರಜ್ ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದ.

ಆ ವಾರ ಚಿಬಾ ಸಾನ್ ಹಣ್ಣಿನ ಬುಟ್ಟಿ ಹಿಡಿದು ಬಂದಳು. ಬೊಡ್ಡೆಯ ಕಡೆ ನೋಡಿ ಏನೋ ಹೇಳಿ ತಲೆಯಾಡಿಸಿದಳು. ಹಾಸಿಗೆಯಲ್ಲಿ ಮಲಗಿದ್ದ ಪ್ರಣತಿ ಸುಮ್ಮನೆ ಅದನ್ನು ಕನ್ನಡದಲ್ಲಿ ಹೇಳಿದಳು: “ಇಲ್ಲಿ ಮರ ಕಡಿಯೋಕೆ ಮುಂಚೆ ಉಪ್ಪು, ಸಾಕೆ ಅಂದ್ರೆ ಅಕ್ಕಿ ಹೆಂಡ, ಇಟ್ಟು ಕ್ಷಮೆ ಕೇಳ್ತಾರಂತೆ ಅತ್ತೆ. ಆಗ ಊರೆಲ್ಲ ಗಾಬರಿ, ಯಾರೂ ಕೇಳ್ಲಿಲ್ಲ ಅಂತ ಅವರಿಗೆ ಬೇಜಾರು.”

ಮುದುಕಿ ಹೇಳಿದ್ದು ಅಷ್ಟೇ. ಆದರೆ ದುಃಖದಲ್ಲಿದ್ದವರಿಗೆ ಅಷ್ಟು ಸಾಕು. ಮುನಿದ ಮರದ ಪಕ್ಕದಲ್ಲೇ ಬಸುರಿ ದಿನವೂ ಬಟ್ಟೆ ಒಣಹಾಕುತ್ತಿದ್ದಳು ಎಂಬುದು ಅನಸೂಯಮ್ಮನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಚಿಕ್ಕಂದಿನಲ್ಲಿ ಅಜ್ಜಿಯ ಊರಿನ ಹೊರಗೆ ಅವರು ಒಂದು ಹುಣಿಸೆಮರ ನೋಡಿದ್ದರು. ಮೈತುಂಬ ಮೊಳೆ. ಪೀಡೆಯನ್ನು ಮರಕ್ಕೆ ಕಟ್ಟಿಹಾಕಿದರೆ ಅದು ಮನೆಯ ಕಡೆ ಬರುವುದಿಲ್ಲ ಎನ್ನುತ್ತಿದ್ದರು. ಅವರ ತಂದೆ ಮಾತ್ರ, “ನಂಜುಂಡ ಇರುವಾಗ ಮೊಳೆ ಯಾಕೆ?” ಎಂದು ಬಯ್ಯುತ್ತಿದ್ದರು. ತಂದೆಯ ಮಾತು ನೆನಪಿಲ್ಲದೆ ಹೋಗಲಿಲ್ಲ. ನೆನಪಿದ್ದೂ ಒಂದು ಬೆಳಗ್ಗೆ, ಮಗ ಸೊಸೆ ಆಸ್ಪತ್ರೆಗೆ ಹೋದ ಸಮಯದಲ್ಲಿ, ಅವರು ದೊಡ್ಡ ಮೊಳೆ ತಂದು, ಒಂದೊಂದನ್ನೂ ಅರಿಸಿನಕ್ಕೆ ಅದ್ದಿ, ಬೊಡ್ಡೆಯ ಬುಡದಲ್ಲಿ ಬೇರು ಬೇರಿನ ಸಂದಿಗೆ ಹೊಡೆದರು. ತಲೆ ಕಾಣದಷ್ಟು ಒಳಕ್ಕೆ. ಮೇಲೆ ಮಣ್ಣು ಮೆತ್ತಿದರು. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ತಲೆ ಎತ್ತಲಾಗಲಿಲ್ಲ.

ಮುಂದಿನ ವರ್ಷ ಪ್ರಣತಿ ಮತ್ತೆ ಬಸುರಾದಳು. ಅಮೂಲ್ಯ ಹುಟ್ಟಿದಳು. ಕೆಂಪಗೆ, ಗಟ್ಟಿಯಾಗಿ ಅಳುತ್ತ. ಮಗುವನ್ನು ನೋಡಿಕೊಳ್ಳಲೆಂದು ಅನಸೂಯಮ್ಮ ವೀಸಾ ಮಾಡಿಸಿಕೊಂಡು ಇಲ್ಲಿಯೇ ಉಳಿದರು. ಮಗು ಕೊಟ್ಟವನು ನಂಜುಂಡ ಎಂದು ಬಾಯಿ ಹೇಳುತ್ತಿತ್ತು. ಬೊಡ್ಡೆಯ ಮೇಲೆ ಪಾಚಿ ಕಟ್ಟುವುದನ್ನು ಕಣ್ಣು ಕಾಯುತ್ತಿತ್ತು.

ಈಗ ಅವರಿಗೆ ಒದಗಿದ ಸಂಕಟ ಯಾರಿಗೂ ಬರಬಾರದು. ಮೊಳೆ ಇದ್ದರೆ ಮಗನ ಕುತ್ತಿಗೆ. ಮೊಳೆ ಕಿತ್ತರೆ ಮೊಮ್ಮಗಳ ಉಸಿರು.

*

ಬೊಡ್ಡೆ ಇರಲಿ ಬಿಡೋ ಎಂದು ಆ ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಿದರು. ಬಿಡುವಂತಿರಲಿಲ್ಲ. ಬೇಸಿಗೆಯಲ್ಲಿ ಅದರ ಪೊಟರೆಯಲ್ಲಿ ಹೆಬ್ಬೆರಳ ಗಾತ್ರದ ಕಣಜಗಳು ಗೂಡು ಕಟ್ಟಿದ್ದವು. ಅಮೂಲ್ಯಳ ಕಿವಿಯ ಪಕ್ಕದಲ್ಲೇ ಒಂದು ಹಾರಿಹೋಗಿತ್ತು. ಈಗ ಚಳಿಗೆ ಕಣಜ ಸತ್ತಿದ್ದವು, ಗೆದ್ದಲು ಸತ್ತಿರಲಿಲ್ಲ. ಮನೆಯೆಲ್ಲ ಮರದ ಕಂಬ. ಧೀರಜ್ ಹೇಳುವುದು ನ್ಯಾಯವಾಗಿತ್ತು, ಅದೇ ಕಷ್ಟ.

ಗುರುವಾರ ಅವನು ಕೆಲಸಕ್ಕೆ ಹೋದ ಮೇಲೆ ಅನಸೂಯಮ್ಮ ಇಕ್ಕಳ ಹಿಡಿದು ಹಿತ್ತಲಿಗೆ ಹೋದರು. ಪ್ರಣತಿ ಒಳಗೆ ಕಂಪ್ಯೂಟರಿನ ಮುಂದೆ ಅನುವಾದದ ಕೆಲಸದಲ್ಲಿದ್ದಳು. ಮೊಣಕಾಲೂರಿ ಪಾಚಿ ಕೆರೆದರು. ಮರ ಮೇಲೆ ಮೇಲೆ ಪುಡಿಯಾಗುತ್ತಿತ್ತು. ಒಳಗೆ ಹೋದಂತೆ ಕಲ್ಲು. ಒಂದು ಕಡೆ ತುಕ್ಕಿನ ಕಲೆ ಸಿಕ್ಕಿತು. ಇಕ್ಕಳದ ಬಾಯಿಗೆ ಹಿಡಿಯಲು ಏನೂ ಸಿಗಲಿಲ್ಲ. ಆ ದಿನ ಎಷ್ಟು ಶ್ರದ್ಧೆಯಿಂದ ಒಳಕ್ಕೆ ಇಳಿಸಿದ್ದರೋ ಅಷ್ಟೇ ಭದ್ರವಾಗಿ ಮೊಳೆ ಕುಳಿತಿತ್ತು. ಉಗುರು ಸೀಳಿ ರಕ್ತ ಬಂತು.

“ಅತ್ತೆ! ಈ ಚಳೀಲಿ ಅಲ್ಲೇನ್ಮಾಡ್ತಿದೀರಿ?” ಪ್ರಣತಿ ಕಿಟಕಿಯಿಂದ ಕೂಗಿದಳು.

ಇಕ್ಕಳವನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಎದ್ದರು. ಬಾಯಿಗೆ ಬಂದದ್ದನ್ನು ಹೇಳಿದರು. “ನೋಡ್ತಿದ್ದೆ ಕಣಮ್ಮ. ಈ ಬೇರು ನೋಡು, ಗೋಡೆಯೊಳಕ್ಕೇ ಹೋಗಿದೆ. ಇದನ್ನ ಅರೆದರೆ ಗೋಡೆ ನಿಲ್ಲುತ್ತಾ? ಕೆಳಗೆ ಆ ಮುದುಕಿ ಇದಾಳೆ. ನೀರಿನ ಪೈಪು ಬೇರೆ ಇದರಡಿಯಲ್ಲೇ ಹೋಗಿದೆ ಅಂತ ನೀನೇ ಹೇಳಿದ್ದೆ. ಇದು ಬಲ್ಲವರ ಕೆಲಸ. ಹಲ್ಲು ಕೀಳೋಕೆ ಡಾಕ್ಟರ ಹತ್ರ ಹೋಗ್ತೀವಿ, ಇಕ್ಕಳ ಹಿಡೀತೀವಾ?”

ಮಾತು ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ನೆಪಕ್ಕೆಂದು ಹೇಳಿದ್ದು ಪೂರ್ತಿ ನಿಜವಾಗಿತ್ತು.

ಪ್ರಣತಿ ಹೊರಗೆ ಬಂದು ಬಗ್ಗಿ ನೋಡಿದಳು. “ನಾನೂ ಅದೇ ಬಡ್ಕೊಂಡೆ. ನಿಮ್ಮ ಮಗ ಕೇಳ್ಬೇಕಲ್ಲ. ಶೆಲ್ಫ್ ಒಂದು ನೆಟ್ಟಗೆ ಹೊಡೆಯೋಕೆ ಬರಲ್ಲ, ಬೊಡ್ಡೆ ಅರೀತಾರಂತೆ.” ಆಗಲೇ ಫೋನು ಕೈಗೆತ್ತಿಕೊಂಡಳು. ಮೂರು ಕಡೆ ವಿಚಾರಿಸಿ, ಮರಗಿಡದ ಕೆಲಸದಲ್ಲಿ ನಲವತ್ತು ವರ್ಷ ಇರುವ ಕುಮಗಾಯಿ ಸಾನ್ ಎಂಬವರನ್ನು ಗೊತ್ತುಮಾಡಿದಳು. ಶುಕ್ರವಾರ ಬಂದು ನೋಡುತ್ತಾರೆ, ಶನಿವಾರವೇ ಕೆಲಸ.

ಸಂಜೆ ಧೀರಜ್ ಸ್ವಲ್ಪ ಮುಖ ಊದಿಸಿಕೊಂಡ. “ಇಬ್ಬರೂ ಸೇರಿ ನನ್ನ ಮಿಷಿನ್ ಕ್ಯಾನ್ಸಲ್ ಮಾಡಿಸಿದ್ರಿ” ಎಂದ. ಆಮೇಲೆ ಮಗುವಿನ ಜೊತೆ ಆಡುತ್ತ ಮರೆತ. ಅನಸೂಯಮ್ಮ ದೇವರ ಗೂಡಿನ ಮುಂದೆ ಕೈಮುಗಿದು ಕುಳಿತರು. ಮಗ ಉಳಿದ. ಇನ್ನು ಮಗುವಿನ ಭಾರ ನಿನ್ನದು ತಂದೆ ಎಂದರು. ಆ ರಾತ್ರಿ ನಿದ್ದೆ ಬಂತು.

*

ಕುಮಗಾಯಿ ಸಾನ್ ಅರವತ್ತೈದು ದಾಟಿದ ಗಿಡ್ಡ ಮನುಷ್ಯ. ಶುಕ್ರವಾರ ಮಧ್ಯಾಹ್ನ ಬಂದವರು ಬೊಡ್ಡೆಯನ್ನು ಮುಟ್ಟುವ ಮೊದಲು ಗೋಡೆಯನ್ನು ನೋಡಿದರು. ಬಿರುಕಿಗೆ ಬೆರಳಿಟ್ಟರು. ಗೋಡೆಯ ಕೆಳಗಿಳಿದು ಚಿಬಾ ಸಾನ್ ಅಂಗಳದಿಂದ ಮೇಲಕ್ಕೆ ನೋಡಿದರು. ಸಲಾಕೆಯಿಂದ ಮಣ್ಣು ಚುಚ್ಚಿ ಚುಚ್ಚಿ ನೀರಿನ ಪೈಪು ಹೋದ ದಾರಿಗೆ ಸುಣ್ಣದ ಗೆರೆ ಎಳೆದರು. ಆಮೇಲೆ ಹೇಳಿದರು: ಮನೆಯ ಕಡೆ ಮೊಳದಾಳ ಅರೆಯಬಹುದು, ಗೋಡೆಯ ಕಡೆ ಗೇಣಿಗಿಂತ ಹೆಚ್ಚು ಬೇಡ, ಆ ಬೇರುಗಳೇ ಗೋಡೆಯನ್ನು ಹಿಡಿದಿವೆ, ಅವು ಅಲ್ಲೇ ಇರಲಿ.

“ನಾನು ಮಾಡಿದ್ರೆ ಗೋಡೆ ಚಿಬಾ ಸಾನ್ ಅಡುಗೆಮನೆಗೆ ಹೋಗಿರ್ತಿತ್ತು,” ಎಂದು ಧೀರಜ್ ಒಪ್ಪಿಕೊಂಡ.

ಅನಸೂಯಮ್ಮ ಚಹದ ತಟ್ಟೆ ಹಿಡಿದು ಬಂದಾಗ ಕುಮಗಾಯಿ ಸಾನ್ ಕೊನೆಯದಾಗಿ ಏನೋ ಕೇಳುತ್ತಿದ್ದರು. ಧೀರಜ್ “ಇಲ್ಲ, ಇಲ್ಲ” ಎಂಬಂತೆ ಕೈಯಾಡಿಸಿದ. ಅವರು ತಲೆಬಾಗಿ ಪುಸ್ತಕದಲ್ಲಿ ಒಂದು ಗುರುತು ಹಾಕಿಕೊಂಡರು.

“ಏನು ಕೇಳಿದರು?”

“ಬೊಡ್ಡೆಯೊಳಗೆ ತಂತಿ, ಕಬ್ಬಿಣ ಏನಾದ್ರೂ ಇದೆಯಾ ಅಂತ,” ಎಂದಳು ಪ್ರಣತಿ. “ಎಲ್ಲರನ್ನೂ ಕೇಳ್ತಾರಂತೆ.”

ಹೇಳುವುದಾದರೆ ಆಗಲೇ ಹೇಳಬೇಕಾಗಿತ್ತು. ಅನಸೂಯಮ್ಮ ಚಹದ ಬಟ್ಟಲುಗಳನ್ನು ಒಬ್ಬೊಬ್ಬರ ಮುಂದೆ ಇಟ್ಟರು. ಕುಮಗಾಯಿ ಸಾನ್ ನಲವತ್ತು ವರ್ಷದ ಅನುಭವಿ, ಹೇಗಾದರೂ ಕಂಡುಹಿಡಿದಾರು ಎಂದು ತಮಗೆ ತಾವೇ ಹೇಳಿಕೊಂಡರು. ಹಾಗೆ ಹೇಳಿಕೊಂಡದ್ದು ಪಾಪವೆಂದು ಒಳಗಿನವನು ಹೇಳುತ್ತಲೇ ಇದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

ಶನಿವಾರ ಎಂಟು ಗಂಟೆಗೆ ಲಾರಿ ಬಂತು. ಕುಮಗಾಯಿ ಸಾನ್ ಜೊತೆಗೆ ಇಳಿದವಳು ಮೂವತ್ತೈದರ ಹೆಂಗಸು, ಅವರ ಮಗಳು ಮಿಸಾಕಿ. ಯಂತ್ರ ಆಡಿಸುವವಳು ಅವಳೇ ಎಂದು ಪ್ರಣತಿ ಹೇಳಿದಳು. ಗಟ್ಟಿ ಮೈಕಟ್ಟು, ನಗುಮುಖ. ಅವಳ ಹೆಲ್ಮೆಟ್ಟಿನ ಪಕ್ಕದಲ್ಲಿ ಮಕ್ಕಳು ಅಂಟಿಸುವಂಥ ಬಣ್ಣದ ಚೀಟಿ, ಮೊಲದ ಚಿತ್ರದ್ದು, ಓರೆಯಾಗಿ ಅಂಟಿತ್ತು. ಅದನ್ನು ಅಂಟಿಸಿದ ಪುಟ್ಟ ಕೈ ಎಷ್ಟು ದೊಡ್ಡದಿರಬಹುದೆಂದು ಅನಸೂಯಮ್ಮನಿಗೆ ತಿಳಿದುಹೋಯಿತು.

ಯಾರೂ ಹತ್ತಿರ ಬಾರದಂತೆ ಕೆಂಪು ಪ್ಲಾಸ್ಟಿಕ್ ಶಂಕುಗಳನ್ನು ಸುತ್ತಲೂ ಇಟ್ಟರು. ಕಿಟಕಿಗಳ ಮುಂದೆ ಹಲಗೆ ನಿಲ್ಲಿಸಿದರು. ಒಂದು ಕಿಟಕಿ ಮಾತ್ರ, ದೂರದ್ದು, ಮಗು ನೋಡಲೆಂದು ಬಿಟ್ಟರು. ಆಮೇಲೆ ತಂದೆ ಮಗಳು ಬೊಡ್ಡೆಯ ಮುಂದೆ ನಿಂತರು. ಕುಮಗಾಯಿ ಸಾನ್ ಜೇಬಿನಿಂದ ಪೊಟ್ಟಣ ತೆಗೆದು ನಾಲ್ಕು ಮೂಲೆಗೆ ಉಪ್ಪು ಹಾಕಿದರು, ಒಂದು ಪುಟ್ಟ ಸೀಸೆಯಿಂದ ಸಾಕೆ ಸುರಿದರು. ಇಬ್ಬರೂ ನಡು ಬಗ್ಗಿಸಿ, ಕೈ ತಟ್ಟಿ, ಕಣ್ಣು ಮುಚ್ಚಿದರು.

“ಏನು ಬೇಡ್ತಿದಾರೆ?” ಅನಸೂಯಮ್ಮ ಮಗನನ್ನು ಕೇಳಿದರು.

“ಮರಕ್ಕೆ ಥ್ಯಾಂಕ್ಸ್. ಆಮೇಲೆ, ಇವತ್ತು ಯಾರಿಗೂ ಗಾಯ ಆಗದಿರಲಿ ಅಂತ.”

ಮಿಸಾಕಿ ಮುಖದ ಮೇಲೆ ಜಾಲರಿ ಎಳೆದುಕೊಂಡಳು. ಯಂತ್ರ ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಗರ್ಜಿಸತೊಡಗಿತು. ಚಕ್ರದ ಹಲ್ಲುಗಳು ಕಣ್ಣಿಗೆ ಕಾಣದ ವೇಗಕ್ಕೆ ಏರಿದವು.

ದೇವರ ಮುಂದೆ ಕಣ್ಣು ಮುಚ್ಚಿ ನಿಂತವರಿಗೆ ಮೋಸ. ತನ್ನ ಮಗನನ್ನು ಪಕ್ಕದಲ್ಲಿ ಇರಿಸಿಕೊಂಡು ಇನ್ನೊಬ್ಬರ ಮಗಳನ್ನು ಮುಂದೆ ತಳ್ಳಿದ್ದಾಯಿತು. ಒಂದು ಮಗುವಿಗಾಗಿ ಮೊಳೆ ಹೊಡೆದವಳು, ಮೊಲದ ಚೀಟಿ ಅಂಟಿಸಿದ ಮಗುವಿಗೆ ಏನು ಉತ್ತರ ಕೊಡಬೇಕು?

ಅನಸೂಯಮ್ಮ ಅಡಿಯಿಟ್ಟದ್ದು ಅವರಿಗೇ ತಿಳಿಯಲಿಲ್ಲ. ಕೆಂಪು ಶಂಕು ಕಾಲಿಗೆ ತಗುಲಿ ಉರುಳಿತು. “ಅಮ್ಮಾ!” ಎಂದು ಧೀರಜ್ ಕೂಗಿದ. “ಅಬುನಾಯ್!” ಎಂದು ಕುಮಗಾಯಿ ಸಾನ್ ಕೂಗಿದರು, ಅಪಾಯ ಎಂದರ್ಥ, ಅಮೂಲ್ಯಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅವರು ಯಾವುದಕ್ಕೂ ನಿಲ್ಲದೆ ಹೋಗಿ, ಒಂಬತ್ತು ಗಜದ ಸೀರೆಯನ್ನು ಒಟ್ಟುಗೂಡಿಸಿಕೊಂಡು, ಬೊಡ್ಡೆಯ ಮೇಲೆ ಕುಳಿತುಬಿಟ್ಟರು.

ಯಂತ್ರ ನಿಂತಿತು. ಮಿಸಾಕಿ ಜಾಲರಿ ಎತ್ತಿ ಬಾಯಿ ತೆರೆದು ನೋಡಿದಳು.

“ಸುಮಿಮಾಸೆನ್,” ಎಂದರು ಅನಸೂಯಮ್ಮ ಅವಳಿಗೆ. ಕ್ಷಮಿಸು ಎನ್ನಲು ಅವರಿಗೆ ಗೊತ್ತಿದ್ದದ್ದು ಅದೊಂದೇ ಮಾತು. ಮತ್ತೆ, “ಸುಮಿಮಾಸೆನ್.” ಉಳಿದದ್ದನ್ನು ಕನ್ನಡದಲ್ಲೇ ಹೇಳಬೇಕಾಗಿತ್ತು, ಮಗನ ಮುಖ ನೋಡಿಯೇ ಹೇಳಬೇಕಾಗಿತ್ತು.

“ಇದರಲ್ಲಿ ಕಬ್ಬಿಣ ಇದೆ ಧೀರು. ಒಂಬತ್ತು ಮೊಳೆ. ನಾನೇ ಹೊಡೆದದ್ದು. ಆ ಮಗು ಹೋದಾಗ. ಮರ ಮುನಿದಿದೆ ಅಂದ್ಕೊಂಡೆ. ಅದನ್ನ ಕಟ್ಟಿಹಾಕ್ದೆ.”

ಧೀರಜ್ ಬಿಳಿಚಿಕೊಂಡ. “ಯಾವ ಮಗು?” ಎಂದ ಮೊದಲು, ಮೂರ್ಖನಂತೆ. ಆಮೇಲೆ ಅವನಿಗೆ ಅರ್ಥವಾಯಿತು. “ಬುಧವಾರ ನಾನು ವಿಡಿಯೋ ತೋರಿಸಿದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ಅದಕ್ಕೇ ನೀನು ಬಲ್ಲವರನ್ನ ಕರೀರಿ ಅಂದೆ. ನನಗೆ ಬೇಡ, ಇವರಿಗೆ ಹೊಡೆದ್ರೆ ಪರವಾಗಿಲ್ಲ. ಅಲ್ವಾ?”

“ಹೌದು ಕಣೋ. ಎರಡು ದಿನ ಹಾಗೇ ಇದ್ದೆ. ಬಯ್ಯಿ. ಆದರೆ ಮೊದಲು ಅವರಿಗೆ ಹೇಳು.”

ಧೀರಜ್ ಬಾಯಿ ತೆರೆದ. ಜಪಾನಿ ಭಾಷೆಯಲ್ಲಿ ಲೋಹಗಳ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವನು ತನ್ನ ತಾಯಿಯ ಮಾತನ್ನು ಇನ್ನೊಬ್ಬರಿಗೆ ದಾಟಿಸಲಾರದೆ, ಮುಖ ತಿರುಗಿಸಿ ಗೋಡೆಯ ಕಡೆ ನಿಂತ.

ಹೇಳಿದವಳು ಪ್ರಣತಿ. ದೂರದ ಕಿಟಕಿ ಯಾವಾಗಲೋ ತೆರೆದಿತ್ತು; ಸೊಂಟದ ಮೇಲೆ ಅಮೂಲ್ಯಳನ್ನು ಇರಿಸಿಕೊಂಡು ಅವಳು ಎಲ್ಲವನ್ನೂ ಕೇಳಿದ್ದಳು. ನಿಧಾನವಾಗಿ, ಒಂದೊಂದೇ ವಾಕ್ಯವಾಗಿ ಹೇಳಿದಳು.

ಕುಮಗಾಯಿ ಸಾನ್ ನಗಲಿಲ್ಲ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಒಂದೇ ಪ್ರಶ್ನೆ ಕೇಳಿದರು.

“ಯಾರಿಗಾದರೂ ಕೇಡು ಬಯಸಿ ಹೊಡೆದದ್ದಾ ಅಂತ ಕೇಳ್ತಿದಾರೆ ಅತ್ತೆ. ಇಲ್ಲಿ ಹಿಂದೆ ಹಾಗೆ ಮಾಡ್ತಿದ್ದರಂತೆ, ಗುಡಿಯ ಮರಗಳಿಗೆ.”

“ಅಯ್ಯೋ ಶಿವನೇ, ಇಲ್ಲ. ಕಾಪಾಡಲಿ ಅಂತ.”

ಅವರು ತಲೆಬಾಗಿದರು. ಲಾರಿಯಿಂದ ಕೋಲಿನಂಥ ಒಂದು ಸಾಧನ ತಂದರು. ಮಣ್ಣಲ್ಲಿ ಕಬ್ಬಿಣವಿದ್ದರೆ ಅದು ಕೀಚಲು ದನಿ ಮಾಡುತ್ತಿತ್ತು. ನಿನ್ನೆಯೇ ತರಬೇಕಿತ್ತು, ಮಾತು ನಂಬಿ ಬಿಟ್ಟೆ ಎಂದು ಅವರೇ ಕ್ಷಮೆ ಕೇಳಿದಾಗ ಅನಸೂಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಂದೆ ಮಗಳು ಉಳಿಯಿಂದ ಮರ ಬಿಡಿಸಿ, ಉದ್ದನೆಯ ಇಕ್ಕಳ ಹಾಕಿ, ಒಂದೊಂದನ್ನೇ ಎಳೆಯತೊಡಗಿದರು. ಮೊದಲ ಮೊಳೆ ಕಿರ್ರೆಂದು ಹೊರಬಂತು. ಅನಸೂಯಮ್ಮ ಥಟ್ಟನೆ ಕಿಟಕಿಯ ಕಡೆ ನೋಡಿದರು. ಅಮೂಲ್ಯ ಗಾಜಿಗೆ ಮೂಗು ಒತ್ತಿ ನಿಂತಿತ್ತು. ಎರಡನೆಯದು ಬಂತು. ಮತ್ತೆ ನೋಡಿದರು. ಮಗು ಆಕಳಿಸಿತು. ಆಕಳಿಕೆ ಏಕೆ? ಜ್ವರ ಬರುತ್ತಿದೆಯೇ? ಮೂರು, ನಾಲ್ಕು. ಪ್ರತಿ ಮೊಳೆಗೂ ಎದೆಯೊಳಗೆ ಏನೋ ಸಡಿಲವಾದಂತೆ, ಆಧಾರ ತಪ್ಪಿದಂತೆ. ನಂಜುಂಡ ನಂಜುಂಡ ಎಂದು ತುಟಿ ಅಲುಗುತ್ತಿತ್ತು.

ಎಂಟು ಸಿಕ್ಕಿದವು. ಒಂಬತ್ತನೆಯದು ಇಲ್ಲ. ಕೋಲು ಬೊಡ್ಡೆಯ ಸುತ್ತ ತಲುಪುವಷ್ಟು ಕಡೆಯೆಲ್ಲ ಮೂರು ಸಲ ಓಡಾಡಿ ಸುಮ್ಮನಾಯಿತು.

“ಎಂಟೇ ಹೊಡೆದಿರಬೇಕು,” ಎಂದ ಧೀರಜ್. ಅಷ್ಟು ಹೊತ್ತಿಗೆ ಅವನು ಬಂದು ಮಣ್ಣು ಬಗೆಯಲು ಕೂತಿದ್ದ, ತಾಯಿಯ ಮುಖ ನೋಡದೆಯೇ. “ಸರಿಯಾಗಿ ನೆನಪು ಮಾಡ್ಕೋಮ್ಮ.”

“ಒಂಬತ್ತು. ಹೊಟ್ಟೆಯಲ್ಲಿ ಒಂಬತ್ತು ತಿಂಗಳು ನಿಲ್ಲಲಿ ಅಂತ ಹೊಡೆದದ್ದು ಕಣೋ. ಎಂಟಕ್ಕೆ ನಿಲ್ಲಿಸ್ತೀನಾ?”

ಪ್ರಣತಿ ಅದನ್ನೂ ಹೇಳಿದಳು. ಕುಮಗಾಯಿ ಸಾನ್ ಯಂತ್ರದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. ಹೊಡೆದವರು ಒಂಬತ್ತು ಎಂದರೆ ಒಂಬತ್ತು. ಸಿಗುವವರೆಗೆ ಚಕ್ರ ತಿರುಗುವುದಿಲ್ಲ ಎಂದರು.

ಅನಸೂಯಮ್ಮ ಕಣ್ಣು ಮುಚ್ಚಿದರು. ಆ ಬೆಳಗನ್ನು ನೆನೆಯುವುದೆಂದರೆ ಹುಣ್ಣಿಗೆ ಕೈಹಾಕಿದಂತೆ. ಆದರೂ ನೆನೆದರು. ಮನೆಯ ಕಡೆ ಮುಖಮಾಡಿದ ದೊಡ್ಡ ಬೇರಿನಿಂದ ಶುರುಮಾಡಿದ್ದು. ಅಲ್ಲಿಗೆ ಹೋಗಿ ಮೊಣಕಾಲೂರಿದರು. ಆಮೇಲೆ ಬೊಡ್ಡೆಯನ್ನು ಬಲಕ್ಕೆ ಇಟ್ಟುಕೊಂಡು ಸರಿದರು. ದೇವರ ಸುತ್ತ ಬರುವ ಹಾಗೆಯೇ ಬಂದಿದ್ದರು. ಬೇರೆ ರೀತಿ ಸುತ್ತುವುದು ಆ ಕಾಲಿಗೆ ಗೊತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ಗುಂಡಿಗಳನ್ನು ಮುಟ್ಟುತ್ತ ಅಂಬೆಗಾಲಿನಲ್ಲಿ ಹೋದರು. ಗೋಡೆಯ ಕಡೆ ಬಂದಾಗ ದಾರಿ ಮುಗಿಯಿತು. ಅಲ್ಲಿ ಬೇರು ಎದ್ದು ಕಲ್ಲಿಗೆ ಒತ್ತಿಕೊಂಡಿತ್ತು, ಮನುಷ್ಯರು ನುಸುಳುವಂತಿರಲಿಲ್ಲ. ಅಲ್ಲಿಂದ ಹಿಂದಕ್ಕೆ ತಿರುಗಿದರೆ ಅಪ್ರದಕ್ಷಿಣೆ. ಅಂದು ತಾನು ತಿರುಗಿರಲಾರೆ. ಮತ್ತೆ ಹೇಗೆ ದಾಟಿದೆ?

ಬೇರಿನ ಮೇಲೆ ಎದೆಯೂರಿ ಮಲಗಿದರು. ಎಡಗೈಯನ್ನು ಬೇರಿನಾಚೆ, ಕಲ್ಲು ಮತ್ತು ಮರದ ನಡುವಣ ಕತ್ತಲೆಗೆ ಚಾಚಿದರು. ತೋಳು ಭುಜದವರೆಗೆ ಒಳಗೆ ಹೋಯಿತು. ಬೆರಳಿಗೆ ತಣ್ಣಗೆ, ಉರುಟಾಗಿ, ಒಂದು ತಲೆ ಸಿಕ್ಕಿತು. ಈ ಒಂದು ಮೊಳೆ ಪೂರ್ತಿ ಇಳಿದಿರಲಿಲ್ಲ. ಅಂಥ ಕಡೆ ಸುತ್ತಿಗೆ ಬೀಸಲು ಜಾಗವಿರಲಿಲ್ಲ.

“ಇಲ್ಲಿದೆ,” ಎಂದರು. ಹೇಳಿ, ಬೇರಿನ ಮೇಲೆ ಮುಖವಿಟ್ಟು ಅತ್ತರು. ಗಂಡ ಹೋದಾಗ ಅಷ್ಟು ಅತ್ತಿರಲಿಲ್ಲ, ಆ ಕೂಸು ಹೋದಾಗಲೂ ಅತ್ತಿರಲಿಲ್ಲ. ಆಗ ಸೊಸೆಯನ್ನು ಸಂತೈಸುವ ಕೆಲಸವಿತ್ತು.

ಅವರ ಸೊಂಟ ಬಳಸಿ ಎತ್ತಿದವನು ಧೀರಜ್. ತಾಯಿಯ ತೋಳಿನ ಮಣ್ಣನ್ನು ತನ್ನ ಅಂಗಿಯಿಂದ ಒರೆಸಿದ. ತರಚಿದ ಕಡೆ ಬಂದಾಗ ಮಾತ್ರ ಮೆಲ್ಲನೆ ಒರೆಸಿದ.

*

ಅರೆಯುವುದು ಮುಗಿದಾಗ ಎರಡು ಗಂಟೆ. ಗೋಡೆ ಅಲುಗಲಿಲ್ಲ, ಪೈಪು ಒಡೆಯಲಿಲ್ಲ. ಬೊಡ್ಡೆ ಇದ್ದಲ್ಲಿ ನಸುಗೆಂಪಿನ ಹೊಟ್ಟಿನ ಗುಡ್ಡೆ, ಹಸಿ ವಾಸನೆ. ಮಿಸಾಕಿ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡು, ಹೋಗುವಾಗ ಅನಸೂಯಮ್ಮನ ಎರಡೂ ಕೈ ಹಿಡಿದು ಬಗ್ಗಿದಳು. “ಏನಂದಳು?” ಎಂದಾಗ ಪ್ರಣತಿ, “ನಮ್ಮ ಅಮ್ಮನೂ ಹೀಗೇ ಏನಾದ್ರೂ ಮಾಡಿರ್ತಿದ್ದಳು ಅಂದಳು,” ಎಂದಳು.

ಮೊಳೆಗಳು ಅಡುಗೆಮನೆಯ ಕಟ್ಟೆಯ ಮೇಲೆ ಇದ್ದವು. ಪ್ರಣತಿ ಅವನ್ನು ದಪ್ಪ ಕಾಗದದಲ್ಲಿ ಸುತ್ತಿ ಅಂಟುಪಟ್ಟಿ ಹಾಕಿದಳು. ಚೂಪಾದದ್ದನ್ನು ಕಸಕ್ಕೆ ಹಾಕುವಾಗ ಈ ಊರಿನಲ್ಲಿ ಮೇಲೆ ‘ಅಪಾಯ’ ಎಂದು ಬರೆಯಬೇಕು. ಅವಳು ಬರೆದಳು. ಬರೆದು ಪೆನ್ನು ಕೆಳಗಿಡದೆ ನಿಂತಳು.

“ನನಗೆ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಗಮ್ಮ ಹೇಳ್ಲಿ? ನೀವು ಓದಿದವರು.”

“ಆ ದಿನಗಳಲ್ಲಿ ಯಾರಾದ್ರೂ ನನ್ನ ಕೈಗೆ ಸುತ್ತಿಗೆ ಕೊಟ್ಟಿದ್ರೆ, ನಾನೂ ಹೊಡೀತಿದ್ದೆ.” ಅವಳು ಪೊಟ್ಟಣವನ್ನು ಬದಿಗೆ ಸರಿಸಿದಳು. “ನಾನೊಬ್ಬಳೇ ಹುಚ್ಚಿ ಆಗ್ತಿದೀನಿ ಅಂದ್ಕೊಂಡಿದ್ದೆ. ನೀವು ದಿನಾ ಸಾರು ಮಾಡಿ ಹಾಕ್ತಾ ಗಟ್ಟಿಯಾಗಿ ಇದ್ರಿ.”

ಅನಸೂಯಮ್ಮ ಹತ್ತಿರ ಬಂದರು. ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಹೊರಗೆ ಬಾಗಿಲು ಜಾರುವ ಸದ್ದಾಯಿತು.

ಅಮೂಲ್ಯ ತಾನಾಗಿಯೇ ಹಿತ್ತಲ ಬಾಗಿಲು ಸರಿಸಿಕೊಂಡಿತ್ತು. ಬರಿಗಾಲಲ್ಲಿ, ಬೊಡ್ಡೆ ಇದ್ದ ಜಾಗಕ್ಕೆ, ಆ ಹೊಟ್ಟಿನ ಗುಡ್ಡೆಗೆ ನೇರವಾಗಿ ಹೊರಟಿತ್ತು. ಅನಸೂಯಮ್ಮ ಬಾಗಿಲಿಗೆ ಓಡಿದರು. ಈಗ ಅಲ್ಲಿ ಏನನ್ನೂ ಯಾರೂ ಕಟ್ಟಿಹಾಕಿರಲಿಲ್ಲ. ‘ಅಲ್ಲಿಗೆ ಹೋಗಬೇಡ’ ಎಂಬ ಮಾತು ಗಂಟಲಿನವರೆಗೆ ಬಂತು. ನಾಲ್ಕು ವರ್ಷದಿಂದ ಗಂಟಲಲ್ಲೇ ಇದ್ದ ಮಾತು. ಅದನ್ನು ನುಂಗಿದರು. ನಂಜು ನುಂಗಿದವನನ್ನು ಒಂದು ಸಲ ನೆನೆದರು.

“ಏ ಪುಟ್ಟಿ, ಚಪ್ಪಲಿ ಹಾಕ್ಕೊಂಡು ಹೋಗೇ,” ಎಂದು ಕೂಗಿದರು. “ಕಾಲಿಗೆ ಸಿಬಿರು ಚುಚ್ಚುತ್ತೆ.”